ಮುಖ್ಯ ಅತಿಥಿ ಹೇಳದೆ ಬಿಟ್ಟದ್ದು

...ಎಲ್ರೂ ಎದ್ದು ಚಪ್ಪಾಳೆ ಹೊಡೀತಾವ್ರೆ, ನೀನೊಬ್ನೇ ಹಿಂದ್ಗಡೆ ಸಾಲಲ್ಲಿ ಕೈ ಕಟ್ಕೊಂಡು ಕೂತಿದ್ಯಲ್ಲೋ ಪುಟ್ಟರಂಗ! ಸ್ಟೇಜ್ ಮೇಲಿಂದ್ಲೇ ಗುರುತು ಹಿಡಿದೆ. ಮೂವತ್ತು ವರ್ಷ ಆದ್ರೂ ಆ ಅಗಲ ಕಿವಿ ಮರೆಯಕ್ಕಾಗ್ತದಾ? ನಗು, ನಗು. ನಾನು ಕಣೋ, ಗುಬ್ಬಿ ಅನಂತರಾಜು, ಹಾಸ್ಟೆಲ್‌ನಲ್ಲಿ ನಿನ್ ಪಕ್ಕದ್ ಚಾಪೆಯವ್ನು. ಇವತ್ತು ಚೀಫ್ ಗೆಸ್ಟ್ ಅಂತ ಹಾರ ಹಾಕ್ಬುಟ್ರೆ ಬೇರೆಯವ್ನಾಗ್ಬುಡ್ತೀನಾ? ಬಾ, ಈ ಹೊಂಗೆ ನೆಳ್ಳಲ್ಲಿ ಕೂತ್ಕೊ. ಊಟಕ್ಕೆ ಇನ್ನೂ ಹೊತ್ತದೆ.

ನಿನ್ ಮಗ ಇಲ್ಲೇ ಎಂಟನೇ ಕ್ಲಾಸಂತೆ? ಈಗ ಬಂದು ಆಟೋಗ್ರಾಫ್ ಹಾಕಿಸ್ಕೊಂಡೋದ. 'ನಮ್ಮಪ್ಪ, ನೀವು ಒಂದೇ ಬ್ಯಾಚಂತೆ ಸಾರ್' ಅಂದ. ಅಷ್ಟೇ ಅಂದ... ಇನ್ನೇನೂ ಹೇಳಿಲ್ವಾ ನೀನು ಅವನಿಗೆ? ಹ್ಞಾ, ಬುಡು, ಸುಮ್ನೆ ಕೇಳ್ದೆ.

ಪುಣ್ಯವಂತರು ಈಗಿನ ಹುಡುಗ್ರು. ಕಂಪ್ಯೂಟರ್ ಲ್ಯಾಬಂತೆ, ಎನ್‌ಸಿಸಿಯಂತೆ, ಸ್ನಾನಕ್ಕೆ ಬಿಸಿನೀರಂತೆ! ನಮಗೆ? ಬೆಳಿಗ್ಗೆ ಐದಕ್ಕೆ ಬೆಲ್ಲು, ತೊಟ್ಟಿ ನೀರು. ನೀನು ಮಾತ್ರ ಆ ತೊಟ್ಟಿ ಕಟ್ಟೆ ಮೇಲೆ ಟವಲ್ ಸುತ್ಕೊಂಡು ನಿಂತು, 'ಅಧ್ಯಕ್ಷರೇ, ತೀರ್ಪುಗಾರರೇ' ಅಂತ ಶುರು ಹಚ್ಕೊಂಡ್ರೆ ಮೈಗೆ ಸೋಪು ಹಚ್ಚಿದ್ದೋರೂ ನೀರು ಹುಯ್ಕೊಳ್ಳೋದು ಮರೆತು ನಿಂತ್ಬುಡೋರು. ಸ್ಕೂಲಿಗೆಲ್ಲಾ ನೀನೇ ಮಾತುಗಾರ. ಮೈಸೂರಿನ ಚರ್ಚಾಸ್ಪರ್ಧೆಗೆ ನಿನ್ನೇ ಆರಿಸಿದ್ರು. ನಾನು ಎರಡನೆಯವ್ನು.

ಯಾಕಂಗೆ ನೋಡ್ತೀಯಾ?

ಭಾಷಣದಲ್ಲಿ ಹೇಳಿದ್ದಕ್ಕಾ? 'ಆರಿಸಿದ ಹುಡುಗನಿಗೆ ಹುಷಾರು ತಪ್ಪಿತು, ಅವಕಾಶ ನನಗೆ ಬಂತು'... ಇನ್ನೇನ್ ಹೇಳ್ಲಪ್ಪಾ ಮಕ್ಕಳ ಮುಂದೆ? ಟೀಸಿ ಕೊಟ್ಟು ಮನೆಗೆ ಕಳಿಸಿದ್ರು ಅನ್ಲಾ? ನಿನ್ ಮಗ ಮುಂದಿನ ಸಾಲಲ್ಲೇ ಕೂತಿದ್ದ. ನಿನ್ ಮರ್ಯಾದೆ ಉಳೀಲಿ ಅಂತ್ಲೇ...

ಅವ್ವ ಹೆಂಗವ್ರೆ, ಗಿರಿಯಮ್ಮ? ...ಓ. ಯಾವಾಗ? ಒಂಬತ್ತು ವರ್ಷ ಆಯ್ತಾ! ನಂಗ್ಯಾರೂ... ಕುಣಿಗಲ್ ಕೋರ್ಟಿಗೆ ವಾರಕ್ಕೊಂದ್ಸಲ ಬರ್ತೀನಿ. ಅಲ್ಲಿಂದ ನಿಮ್ಮೂರು ಹುತ್ರಿದುರ್ಗ ಏನ್ ದೂರ? ಬರ್ಬೋದಾಗಿತ್ತು. ಬರ್ಲಿಲ್ಲ.

ಅವತ್ತು ಅವ್ರಿಗೆ ಆಪರೇಷನ್ ಅಲ್ವಾ, ದೊಡ್ಡಾಸ್ಪತ್ರೆಲಿ? ವಾರ್ಡನ್ ಎಲ್ಲೋ ಹೋಗಿದ್ರು, ಪರ್ಮಿಷನ್ ಕೊಡೋರಿಲ್ಲ. 'ಅವ್ವನ ಮುಖ ನೋಡ್ಕೊಂಡು ಬಂದ್ಬುಡ್ತೀನಿ ಅನಂತ' ಅಂತ ನನ್ ಕಿವೀಲಿ ಹೇಳಿ ಹೋದೆ. ಆ ವಾಚ್‌ಮನ್ ಗುಂಡಯ್ಯ ನೋಡ್ಬುಟ್ಟು ವಾರ್ಡನ್‌ಗೆ ಚಾಡಿ ಹೇಳ್ದ. ಅವ್ನ್ ಬಾಯಿಗೆ ಮಣ್ಣಾಕ...

ಯಾಕೆ ತಲೆ ಆಡಿಸ್ತೀಯಾ? ಗುಂಡಯ್ಯ ಅಲ್ವಾ? ಏನು... ಗೇಟ್ ತೆಗೆದು ಬಿಟ್ಟೋನೇ ಗುಂಡಯ್ಯನಾ? ತನ್ ಸೈಕಲ್ಲೂ ಕೊಟ್ನಾ?

ಹಂಗಾದ್ರೆ... ನೀನು ಹೋಗಿದ್ದು ಗೊತ್ತಿದ್ದೋನು ಅವ್ನು ಬಿಟ್ರೆ... ನಾನೊಬ್ನೇ.

ನಾನೇ ಕಣೋ. ಸಾಯಂಕಾಲ ವಾರ್ಡನ್ ಬಂದು ಹಾಜರಿ ಕೂಗಿದ್ರು. ಪುಟ್ಟರಂಗ ಎಲ್ಲಿ ಅಂದ್ರು. ಆಸ್ಪತ್ರೆಗೆ ಅಂದಿದ್ರೆ ನಾಲ್ಕು ಬೈದು ಸುಮ್ನಾಗೋರು. 'ಸಿನಿಮಾಕ್ಕೋಗವ್ನೆ ಸಾರ್' ಅಂದ್ಬುಟ್ಟೆ. ಒಂದೇ ಮಾತು. ಮೈಸೂರು ಕಣ್ಣಿಗೆ ಕಟ್ಟಿತ್ತು ಕಣೋ... ನೀನು ಬಂದು ಅವ್ವ, ಆಸ್ಪತ್ರೆ ಅಂತ ಎಷ್ಟು ಅತ್ರೂ ಅವ್ರು ನಂಬ್ಲಿಲ್ಲ. ಸಿಕ್ಕಾಕೊಂಡ ಮೇಲೆ ಅವ್ವನ ಹೆಸ್ರು ತರ್ತೀಯಾ ಅಂತ ಕಪಾಳಕ್ಕೆ ಹೊಡೆದ್ರು. ನಾನು ಕಂಬದ ಹಿಂದೆ ನಿಂತಿದ್ದೆ. ಆಚೆ ಬರ್ಲಿಲ್ಲ.

ಬೈಯಿ. ಬೇಕಾದ್ರೆ ಎರಡು ಹೊಡಿ. ಯಾಕೋ... ನಿನ್ ಮುಖದಲ್ಲಿ ಆಶ್ಚರ್ಯನೇ ಇಲ್ವಲ್ಲೋ? ಗೊತ್ತಿತ್ತಾ? ಯಾವಾಗಿಂದ? ಅವತ್ತಿಂದ್ಲೇನಾ?

ತಡಿ, ತಡಿ. ಮಾರನೇ ದಿವ್ಸ ಟ್ರಂಕ್ ಹೊತ್ಕೊಂಡು ಹೊರಟೋನು, ಗೇಟಿಂದ ವಾಪಸ್ ಬಂದು, ಮೈಸೂರಿಗಂತ ಬರೆದಿಟ್ಟಿದ್ದ ನಾಲ್ಕು ಹಾಳೆ ನನ್ ಕೈಗಿಟ್ಯಲ್ಲ. 'ಮೂರನೇ ಹಾಳೇಲಿ ಗಡಿಬಿಡಿ ಮಾಡ್ಬೇಡ, ಉಸಿರು ತಗೊಂಡು ಹೇಳು' ಅಂತ ಹೇಳ್ಕೊಟ್ಯಲ್ಲ. ಅದನ್ನೇ ಹೇಳಿ ಗೆದ್ದೆ. ಅದ್ರಿಂದ್ಲೇ ಕಾಲೇಜು ಸೀಟು, ಅದ್ರಿಂದ್ಲೇ ಈ ಕರಿ ಕೋಟು. ಪಾಪ, ಗೊತ್ತಿಲ್ದೆ ಕೊಟ್ಟ ಅನ್ಕೊಂಡೇ ಇಷ್ಟು ವರ್ಷ ಹೆಂಗೋ ಕಳೆದೆ.

ಗೊತ್ತಿದ್ದೇ ಕೊಟ್ಯಾ?