ಕಾಂಚನಳ ಗೆಜ್ಜೆ ಕಟ್ಟುವ ಮುನ್ನ

ಈ ಸಭೆಯ ಅಧ್ಯಕ್ಷರೂ, ಇಚಲಕರಂಜಿಯ ಬಟ್ಟೆ ವ್ಯಾಪಾರದಲ್ಲಿ ಹೆಸರು ಮಾಡಿದವರೂ, ಇಂದು ಸನ್ಮಾನಗೊಳ್ಳುತ್ತಿರುವ ಕುಮಾರಿ ಕಾಂಚನಳ ತಂದೆಯೂ ಆದ ಆಬಾಸಾಹೇಬರೇ, ಜಯಸಿಂಗಪುರದಿಂದ ದಯಮಾಡಿಸಿದ ಮುಖ್ಯ ಅತಿಥಿಗಳೂ, ಬರುವ ವಾರ ಅವಳ ಮಾವನವರಾಗಲಿರುವವರೂ ಆದ ಜಿನಗೊಂಡರೇ, ಮುಂದಿನ ಸಾಲಿನಲ್ಲಿ ಕುಳಿತ ತಾಯಿ ಚಂಪಾಬಾಯಿಯವರೇ, ಮಹಿಳಾ ಮಂಡಳದ ಸದಸ್ಯೆಯರೇ, ಗೋಡೆಯಾಚೆ ಮಗ್ಗ ನಡೆಸುತ್ತಲೇ ಇತ್ತ ಕಿವಿ ಕೊಟ್ಟಿರುವ ಅಣ್ಣತಮ್ಮಂದಿರೇ, ಮತ್ತು ಸಭಿಕರೇ,

ನಾನು ಹಾಲವ್ವ. ಕಾಂಚನಳಿಗೆ ನೃತ್ಯ ಹೇಳಿಕೊಟ್ಟವಳು. ನನ್ನ ಕನ್ನಡ ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಿ. ಹುಡುಗಿಯಾಗಿದ್ದಾಗ ಒಂದು ಸಣ್ಣ ನಾಟಕ ಕಂಪನಿಯಲ್ಲಿ ಸಖಿಯ ಪಾರ್ಟು ಮಾಡುತ್ತಿದ್ದೆ. ವೇದಿಕೆ ಹತ್ತಿದ ಕೂಡಲೇ ಆ ಕಂಪನಿಯ ಭಾಷೆಯೇ ಬಾಯಿಗೆ ಬರುತ್ತದೆ, ಏನು ಮಾಡಲಿ?

ಬಾಗಿಲಲ್ಲೇ ಆಬಾಸಾಹೇಬರು ನನ್ನನ್ನು ತಡೆದು ಹೇಳಿದರು: "ಹಾಲವ್ವಾ, ನಾಕ ಮಾತಿನ್ಯಾಗ ಮುಗಸು. ಬೀಗರು ಹೊತ್ತ ಮುಣಗೂದ್ರಾಗ ಊಟಕ್ಕ ಕೂಡಬೇಕು." ಒಪ್ಪಿದೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ ಎಂಬುದನ್ನು ಇಲ್ಲಿ ತಿಳಿಯದವರು ಯಾರಿದ್ದಾರೆ? ಪಡುವಣ ಕಿಟಕಿಯ ಬಿಸಿಲನ್ನು ನಿಮಗಿಂತ ಹೆಚ್ಚಾಗಿ ನಾನೇ ನೋಡುತ್ತಿದ್ದೇನೆ. ಆದರೆ ನಾಲ್ಕು ಮಾತಿನಲ್ಲಿ ಮುಗಿಸುವವರ ಮೇಲೆ ನನಗೆ ಹಳೆಯ ಸಿಟ್ಟೊಂದಿದೆ. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ಮರೆತರೆ ನೆನಪಿಸಿ.

ಕಾರ್ಯಕ್ರಮದ ಕ್ರಮ ನಿಮಗೆ ಗೊತ್ತು. ನನ್ನ ಮಾತು ಮುಗಿದ ಮೇಲೆ ನಾನು ಕಾಂಚನಳ ಕಾಲಿಗೆ ಗೆಜ್ಜೆ ಕಟ್ಟಬೇಕು, ಆಮೇಲೆ ಅವಳು ಕುಣಿಯಬೇಕು. ಗುರು ಕಟ್ಟದೆ ಶಿಷ್ಯೆ ಹೆಜ್ಜೆ ಇಡುವುದಿಲ್ಲ, ಅದು ನಮ್ಮ ಪದ್ಧತಿ. ಚೀಲ ಇಗೋ, ಮೇಜಿನ ಮೇಲಿದೆ. ಒಳಕೋಣೆಯ ಬಾಗಿಲು ಹಾಕಿದೆ. ಅದನ್ನು ಮತ್ತೆ ಮತ್ತೆ ತಿರುಗಿ ನೋಡಬೇಡಿ. ಹೆಣ್ಣುಮಕ್ಕಳ ಕೋಣೆಯ ಬಾಗಿಲನ್ನು ಹಾಗೆ ನೋಡುವುದು ಸಭ್ಯತೆಯಲ್ಲ.

ಕಾಂಚನ ನನ್ನ ಬಳಿ ಬಂದದ್ದು ಹೇಗೆ? ಶಾಲೆಯ ಗ್ಯಾದರಿಂಗಿನಲ್ಲಿ ಸಾಲಾಗಿ ಕುಣಿದ ಮಕ್ಕಳಲ್ಲಿ ಅವಳೂ ಒಬ್ಬಳು. ಪೇಟಿ ಬಾರಿಸುವುದು ನಿಂತಿತು, ಮಕ್ಕಳೆಲ್ಲ ಓಡಿಹೋದವು, ಇವಳೊಬ್ಬಳು ಕುಣಿತ ನಿಲ್ಲಿಸಲಿಲ್ಲ. ಕೊನೆಗೆ ಮಾಸ್ತರರು ಎತ್ತಿಕೊಂಡು ಹೋಗಬೇಕಾಯಿತು. ಮರುದಿನ ಚಂಪಾಬಾಯಿಯವರು ಅವಳ ಕೈ ಹಿಡಿದು ಮಗ್ಗದ ಶೆಡ್ಡಿನ ಹಿಂದಿನ ನನ್ನ ಕೋಣೆಗೆ ಬಂದರು. "ಬಾಯಾರ, ಇದು ಮನ್ಯಾಗ ನೆಟ್ಟಗ ನಡಿಯಂಗೇ ಇಲ್ರಿ, ಕುಣಕೋತನ ಓಡಾಡತೈತಿ. ಕುಣಿಯೂದನ್ನರ ನೆಟ್ಟಗ ಕಲಸ್ರಿ" ಎಂದರು. ನೆನಪಿದೆಯೇ, ಚಂಪಾಬಾಯಿಯವರೇ? ನೀವು ತಲೆ ಎತ್ತುತ್ತಿಲ್ಲ. ಇರಲಿ.

ಬಹಳ ದಿನ ನಾನು ಅವಳಿಗೆ ಕುಣಿತ ಕಲಿಸಲೇ ಇಲ್ಲ. ಮಂಡಿ ಬಗ್ಗಿಸಿ ನಿಲ್ಲಿಸುತ್ತಿದ್ದೆ, ಅಷ್ಟೇ. ತೊಡೆ ನಡುಗುತ್ತಿದ್ದವು, ಅಳುತ್ತಿದ್ದಳು, ಅಳುತ್ತಲೇ ನಿಲ್ಲುತ್ತಿದ್ದಳು. ತಬಲಾ ಬಾರಿಸಲು ಆಳಿರಲಿಲ್ಲ. ಗೋಡೆಯಾಚೆ ಮಗ್ಗಗಳಿದ್ದವು. ಆ ಮಗ್ಗಗಳು ಎಂದೂ ಒಂದೇ ತಾಳಕ್ಕೆ ಬಡಿಯುವುದಿಲ್ಲ, ಈಗಲೂ ಕೇಳಿ. ನಾನು ಹೇಳುತ್ತಿದ್ದೆ: "ಒಂದ ಮಗ್ಗ ಹಿಡಿ. ಉಳದದ್ದು ಕಿವಿಗೆ ಹಾಕೋಬ್ಯಾಡ." ಮೊದಮೊದಲು ಎಲ್ಲಾ ಮಗ್ಗಗಳ ಹಿಂದೆಯೂ ಓಡಿ ಎಡವುತ್ತಿದ್ದಳು. ಒಂದು ದಿನ ನಡುವೆಯೇ ನಿಂತು, "ಬಾಯಾರ, ಕಡೀ ಮಗ್ಗ ಕುಂಟಾಕತ್ತೈತ್ರಿ" ಎಂದಳು. ಅಂದು ನಾನು ಅವಳಿಗೆ ಮೊದಲ ಹೆಜ್ಜೆ ಕಲಿಸಿದೆ.

ಏನು ಹೇಳುತ್ತಿದ್ದೆ? ಒಂದು ಗುಟುಕು ನೀರು ಕುಡಿಯುತ್ತೇನೆ. ಆಬಾಸಾಹೇಬರು ಮರಾಠಿಯಲ್ಲಿ "ಆಟಪಾ ಆತಾ" ಎನ್ನುತ್ತಿದ್ದಾರೆ. ಮುಗಿಸುತ್ತೇನೆ, ಸಾಹೇಬರೇ. ಜಿನಗೊಂಡರೇ, ಬಿಸಿಲು ಇನ್ನೂ ಕಿಟಕಿಯ ಸರಳಿನ ಮೇಲೇ ಇದೆ, ಕುಳಿತುಕೊಳ್ಳಿ.

ಕಳೆದ ದಸರೆಯಲ್ಲಿ ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕುಣಿತ ಮುಗಿದ ಮೇಲೆ ಮುಂಬಯಿಯ ನೃತ್ಯ ತಂಡದ ಒಡತಿಯೊಬ್ಬರು ಪರದೆಯ ಹಿಂದೆ ಬಂದರು. ಹೊಗಳಲಿಲ್ಲ. ಬಗ್ಗಿ ಹುಡುಗಿಯ ಹಿಮ್ಮಡಿ ನೋಡಿದರು, ಎದ್ದು ನನ್ನ ಮುಖ ನೋಡಿದರು. ತಂಡಕ್ಕೆ ಕಳಿಸಿ, ಪಗಾರ ಕೊಡುತ್ತೇವೆ, ದೇಶವೆಲ್ಲ ತಿರುಗುತ್ತೇವೆ, ಇನ್ನೂ ಕಲಿಸುತ್ತೇವೆ ಎಂದರು. ನಾನು ಕಲಿಸುವುದು ಮುಗಿದಿತ್ತು. ಅದನ್ನು ಅವರು ನನ್ನ ಮುಖದಲ್ಲೇ ಓದಿದರು ಎಂದು ಕಾಣುತ್ತದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾಂಚನ ಸೀಟಿನ ಕೆಳಗೆ ಕಾಲು ಬಡಿಯುತ್ತಲೇ ಬಂದಳು. ನಾನು ಬೈಯಲಿಲ್ಲ.

ಮನೆಗೆ ಬಂದು ಕೇಳಿದಾಗ ಆಬಾಸಾಹೇಬರು ಏನೆಂದರು? "ಕುಣಿಯೂದು ಗ್ಯಾದರಿಂಗಿಗೆ ಛಂದ, ಹೊಟ್ಟಿಪಾಡಿಗಲ್ಲ. ನನ್ನ ಮಗಳ ಕಾಲ ನೋಡಾಕ ಮಂದಿ ತಿಕೀಟ ತಗೋಬೇಕೇನ?" ಹತ್ತೊಂಬತ್ತು ತುಂಬಿದ ಮಗಳು ತಂದೆಯ ಎದುರು ನಿಂತು ಹೇಳಿದಳು: "ಹೌದ್ರಿ ಅಪ್ಪಾ, ತಗೋಬೇಕು."

ಆ ತಿಂಗಳೇ ಸಂಬಂಧ ಗೊತ್ತಾಯಿತು. ಹುಡುಗ ಒಳ್ಳೆಯವನು. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಜಿನಗೊಂಡರೂ ಭಾಳ ದೊಡ್ಡ ಮನಸ್ಸಿನವರು. ಲಗ್ನಕ್ಕೆ ಮೊದಲು ಒಂದು ಸಲ ಎಲ್ಲರ ಮುಂದೆ ಕುಣಿಯಲಿ, ಆಮೇಲೆ ಬಿಟ್ಟುಬಿಡಲಿ ಎಂದರು. ಅದಕ್ಕೇ ಈ ಸನ್ಮಾನ. ಶಾಲು ಹೊದಿಸುವುದು, ಫಲ ಕೊಡುವುದು, ಕಾಲು ಕಟ್ಟಿ ಮನೆಗೆ ಕಳಿಸುವುದು. ಅಲ್ಲಿ ನಗಬೇಕಿತ್ತು, ನಾನು ತಮಾಷೆ ಮಾಡಿದೆ.

ಹಿಂದಿನವರು ಎದ್ದಿದ್ದೀರಿ. ಧೋಂಡಿಬಾ, ಹೊರಬಾಗಿಲು ತೆರೆಯಬೇಡಪ್ಪಾ, ಧೂಳು ಬರುತ್ತದೆ. ಇನ್ನೊಂದೇ ವಿಷಯ. ಶಿಸ್ತಿನ ಬಗ್ಗೆ ಹೇಳಬೇಕೆಂದಿದ್ದೆ. ಶಿಸ್ತು ಎಂದರೇನು? ಶಿಸ್ತು ಎಂದರೆ... ಶಿಸ್ತು ಎಂದರೆ ಕಾಯುವುದು. ನರ್ತಕಿ ತಾಳಕ್ಕೆ ಕಾಯಬೇಕು, ಗುರು ಶಿಷ್ಯೆಗೆ ಕಾಯಬೇಕು, ಸಭಿಕರು...

ಹಾಂ. ಕೇಳಿದಿರಾ? ಕಾರಖಾನೆಯ ಭೋಂಗಾ ಕೂಗಿತು. ಆರು ಗಂಟೆಯಾಯಿತು.

ಈಗ ಆ ಹಳೆಯ ಸಿಟ್ಟಿನ ಮಾತು ಹೇಳುತ್ತೇನೆ. ಗಡಹಿಂಗ್ಲಜದಲ್ಲಿ ನನಗೂ ಒಂದು ಸನ್ಮಾನ ಇಟ್ಟಿದ್ದರು. ಆಗ ನನಗೂ ಇವಳದೇ ವಯಸ್ಸು. ಕೊಲ್ಹಾಪುರದಲ್ಲಿ ಬೀಡುಬಿಟ್ಟಿದ್ದ ದೊಡ್ಡ ಕಂಪನಿ ನನ್ನನ್ನು ಮುಖ್ಯ ಪಾರ್ಟು ಮಾಡಲು ಕರೆದಿತ್ತು, ಸೋದರಮಾವ ನನ್ನನ್ನು ಲಗ್ನವಾಗಲು ನಿಂತಿದ್ದ. ನನ್ನ ಗುರು ಗುರುಸಿದ್ದಪ್ಪನವರು ಹಿತ್ತಲ ಬಾಗಿಲಿಗೆ ಗಾಡಿ ತರಿಸಿದರು. ಭಾಷಣ ಮಾಡುವ ಮಾಸ್ತರರಿಗೆ, "ಗಾಡಿ ಹೊಳಿ ದಾಟೂ ತನಕಾ ಮಾತಾಡ್ರಿ" ಎಂದು ಕೈಮುಗಿದರು. ಆ ಪುಣ್ಯಾತ್ಮರು ನಾಲ್ಕು ಮಾತಿನಲ್ಲಿ ಮುಗಿಸಿ ಕುಳಿತರು! ಹಿರಣ್ಯಕೇಶಿಯ ದಂಡೆಯಲ್ಲೇ ಮಾವ ಗಾಡಿ ಹಿಡಿದ. ಎತ್ತು ನೀರಿಗೆ ಕಾಲಿಟ್ಟಿದ್ದವು. ಮುಂದಿನದು ನನ್ನ ಸಂಸಾರ, ಅದು ಈ ಸಭೆಗೆ ಬೇಡ.

ಆಬಾಸಾಹೇಬರೇ, ಕುಳಿತುಕೊಳ್ಳಿ. ಓಡಿ ಪ್ರಯೋಜನವಿಲ್ಲ. ಹಾತಕಣಂಗಲೆಯಿಂದ ಮೀರಜ ಕಡೆಗೆ ಹೋಗುವ ರೈಲುಗಾಡಿ ಐದೂವರೆಯದು. ಅದು ಆಗಾಗ ತಡವಾಗುತ್ತದೆ, ಅದಕ್ಕೇ ಇಷ್ಟು ಮಾತಾಡಿದೆ. ಕಾಂಚನಳ ಜೊತೆ ನನ್ನ ತಂಗಿ ಫಕೀರವ್ವ ಇದ್ದಾಳೆ. ಮುಂಬಯಿಯ ಬಾಯಿಯವರು ಮೀರಜದಲ್ಲಿ ಕಾಯುತ್ತಿದ್ದಾರೆ. ಅವಳನ್ನು ಯಾರೂ ಕದ್ದೊಯ್ದಿಲ್ಲ, ತನ್ನ ಕಾಲಿನಿಂದ ತಾನೇ ಹೋಗಿದ್ದಾಳೆ.

ಈ ಚೀಲವನ್ನು ಇಷ್ಟು ಹೊತ್ತು ಎಷ್ಟೊಂದು ಸಲ ಎತ್ತಿಟ್ಟೆ, ಒಮ್ಮೆಯಾದರೂ ಸಪ್ಪಳ ಕೇಳಿತೇ? ಇದರಲ್ಲಿರುವುದು ಜೋಳ. ಗೆಜ್ಜೆಯನ್ನು ಮಧ್ಯಾಹ್ನವೇ ನನ್ನ ಕೋಣೆಯಲ್ಲಿ ಅವಳ ಕಾಲಿಗೆ ಕಟ್ಟಿದೆ. ಪದ್ಧತಿಯನ್ನು ನಾನು ಮುರಿದಿಲ್ಲ. ಆಮೇಲೆ ಅವಳೇ ಬಿಚ್ಚಿ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟುಕೊಂಡಳು, ದಾರಿಯಲ್ಲಿ ಸಪ್ಪಳವಾಗಬಾರದೆಂದು. ಚಂಪಾಬಾಯಿಯವರೇ, ಅಳಬೇಡಿ. ನೀವು ಕಟ್ಟಿಕೊಟ್ಟ ಬುತ್ತಿ ಅವಳ ಕೈಯಲ್ಲೇ... ಅಯ್ಯೋ. ಅದನ್ನು ನಾನು ಹೇಳಬಾರದಿತ್ತು.

ಬೈಯುವುದಿದ್ದರೆ ನನ್ನನ್ನು ಬೈಯಿರಿ, ಆಬಾಸಾಹೇಬರೇ. ನೀವು ಕೊಟ್ಟ ಕೋಣೆ ಬಿಡಿಸುವುದಿದ್ದರೆ ನಾಳೆಯೇ ಬಿಡುತ್ತೇನೆ. ಆದರೆ ಇಂದು ಭೋಂಗಾದ ನಂತರವೂ ನಾನು ಮಾತಾಡಬಹುದಿತ್ತು, ನಿಲ್ಲಿಸುತ್ತಿದ್ದೇನೆ. ಯಾಕೆಂದರೆ ಟಾಂಗಾ ಹತ್ತುವಾಗ ಅವಳು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಾಳೆ. "ಬಾಯಾರ, ನಮ್ಮಪ್ಪಗ ಸಿಟ್ಟ ಬಂದ್ರ ಉಣ್ಣಂಗಿಲ್ರಿ. ಹೊತ್ತ ಮುಣಗೂದ್ರಾಗ ನಿಮ್ಮ ಮಾತ ಮುಗಸ್ರಿ. ನಾ ಹೇಳೇನಂತ ಹೇಳಿ ಉಣ್ಣಾಕ ಕಳಸ್ರಿ."

ಬಿಸಿಲು ಇನ್ನೂ ಕಿಟಕಿಯಲ್ಲಿದೆ. ಏಳಿ ಸಾಹೇಬರೇ, ಮನೆಗೆ ಹೋಗಿ ಊಟ ಮಾಡಿ. ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೆಲ್ಲರಿಗೂ ಕಾಂಚನಳ ಪರವಾಗಿ ಕೃತಜ್ಞತೆಗಳು. ನಮಸ್ಕಾರ.