ಮದುವೆಗೆ ಹೋಗದ ಹೊಸ ಕಾರು

ಎರಡನೇ ಮಹಾಯುದ್ಧದ ಕಾಲ, ಮಾಘ ಮಾಸದ ಬೆಳಗಿನ ಹೊತ್ತು. ರಾಯಲ್ಪಾಡಿನಲ್ಲಿ ನಾನು ಪೆಟ್ರೋಲ್ ಅಭಾವದಿಂದ ಇದ್ದಿಲೊಲೆಯ ಅನಿಲದಲ್ಲಿ ಓಡುತ್ತಿದ್ದ ಶ್ರೀನಿವಾಸಪುರದ ಬಸ್ಸಿಗೆ ಕಾಯುತ್ತಿದ್ದೆ. ಎದುರು ಮನೆಯ ಮುಂದೆ ಕೋದಂಡರಾಮಪ್ಪನವರ ಹೊಸ ಕಾರು ನಿಂತಿತ್ತು. ಜರಿ ಪೇಟ ಸುತ್ತಿ ಬೀಗರ ಮನೆಯ ಮದುವೆಗೆ ಹೊರಟಿದ್ದ ಅವರನ್ನು ಡ್ರೈವರ್ ಪೆದ್ದಪ್ಪ ತಡೆದು ನಿಲ್ಲಿಸಿದ್ದ.

“ಸರ್ಕಾರ ಈ ತಿಂಗಳಿಗೆ ಕೊಟ್ಟ ಕೂಪನ್ ಪೆಟ್ರೋಲ್ ಮುಗೀತಾ ಬಂತು, ಯಜಮಾನ್ರೇ. ಕೋಲಾರದ ಆಸ್ಪತ್ರೆಗೆ ಒಂದ್ಸಲ ಹೋಗ್ಬರೋಷ್ಟೇ ಇರೋದು.”

“ಸೀಮೆಎಣ್ಣೆ ಬೆರೆಸಯ್ಯ.”

“ಹೊಸ ಇಂಜಿನ್ನು ಸ್ವಾಮಿ. ಐನೂರು ಮೈಲಿ ಓಡೋ ತನಕ ಹದವಾಗಿ ನೋಡ್ಕೋಬೇಕು. ಎಳೇ ಹೋರಿಗೆ ಮೊದಲ್ನೇ ದಿನಾನೇ ತುಂಬಿದ ಗಾಡಿ ಕಟ್ತೀರಾ?”

“ಹಾಗಾದ್ರೆ ಬಸ್ಸಿನ ಥರ ಇದಕ್ಕೂ ಇದ್ದಿಲೊಲೆ ಕಟ್ಸೋಣ.”

“ಅದು ಕಾದು ಹೊರಡೋಕೆ ಅರ್ಧ ಗಂಟೆ ಬೇಕು. ಮಗಳಿಗೆ ನೋವು ಶುರುವಾದ್ರೆ ಅಷ್ಟೊತ್ತು ಒಲೆ ಊದ್ತಾ ಕೂತಿರ್ತೀರಾ?”

ಅವರು ಮನೆಯ ಕಡೆ ತಿರುಗಿದರು. ಚೊಚ್ಚಲ ಹೆರಿಗೆಗೆ ಬಂದಿದ್ದ ಭಾರತಮ್ಮ ಬಾಗಿಲಲ್ಲಿ ನಿಂತಿದ್ದಳು.

“ಕಾರು ಕೊಟ್ಟಿಗೆಗೆ ಸೇರಿಸು. ನಾನು ಬಸ್ಸಲ್ಲೇ ಹೋಗ್ತೀನಿ.”

“ಬೀಗರು ನಗಲ್ವಾ?”

“ನಗ್ಲಿ ಬಿಡಯ್ಯ. ಸ್ಟಾರ್ಟ್ ಮಾಡ್ಬೇಡ, ತಳ್ಕೊಂಡೇ ಹೋಗು.”

ಪೆದ್ದಪ್ಪ ಕಾರನ್ನು ತಳ್ಳಿಕೊಂಡು ಹೋದ. ಇದ್ದಿಲ ಮಸಿ ತಾಗದಿರಲೆಂದು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಯಜಮಾನರು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೊರಟರು.