ಮಾಸ್ತರರು ‘ನನಗ ತಿಳೀವಲ್ದು’ ಎಂದ ದಿನ

ಗದಗದ ಆಚೆ ಒಂದೂರಲ್ಲಿ ಒಬ್ಬ ಶ್ರೀಮಂತರಿದ್ದರು. ಹೊಲಮನೆ ಹೆಚ್ಚೇನೂ ಇರಲಿಲ್ಲ, ಆದರೆ ದೇವರ ವಾಕ್ಯದ ಜ್ಞಾನದಲ್ಲಿ ಅವರಷ್ಟು ಸಿರಿವಂತರು ಆ ಸೀಮೆಯಲ್ಲೇ ಇರಲಿಲ್ಲ. ಹೆಸರು ದೇವಪುತ್ರಪ್ಪ. ಅಲ್ಲಿಯ ಸಣ್ಣ ಕ್ರೈಸ್ತ ಸಭೆಗೆ ಅವರೇ ವೇದಪಾಠದ ಮಾಸ್ತರರು. ಏನು ಕೇಳಿದರೂ ಪುಸ್ತಕ ತೆರೆಯದೆ ಉತ್ತರ ಹೇಳುತ್ತಿದ್ದರು. ಪಕ್ಕದೂರಿನ ಪಾದ್ರಿಗಳೂ ಸಂಶಯ ಬಂದರೆ ಅವರ ಮನೆಗೇ ಬರುತ್ತಿದ್ದರು. “ನಮ್ಮ ಮಾಸ್ತರ ಇರೂತನಕ ನಮಗೇನು ಚಿಂತಿ” ಎಂದು ಸಭೆಯವರು ಹೇಳುವಾಗ ಮಾಸ್ತರರು ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ನೋಡಿ, ಹೆಮ್ಮೆ ಗದ್ದಲ ಮಾಡಿಕೊಂಡೇ ಬರಬೇಕೆಂದಿಲ್ಲ.

ಹೀಗಿರುವಾಗ ಆ ಸಭೆಯ ಸುವಾರ್ತವ್ವನ ಒಬ್ಬಳೇ ಮಗಳು ಸಲೋಮಿ ಜ್ವರದಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ತಾಯಿ ಅಂಗಳದಲ್ಲಿ ಕುಳಿತು ಕೇಳಿದಳು: “ದೇವರು ನನ್ನ ಮಗಳನ್ನ ಯಾಕ ಕರಕೊಂಡ, ಮಾಸ್ತರ?”

ಮಾಸ್ತರರ ಬಳಿ ಉತ್ತರಕ್ಕೆ ಬರವೇ? ಒಂದಾದ ಮೇಲೊಂದು ವಚನ ಹೇಳಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಸುವಾರ್ತವ್ವ ಎಲ್ಲವನ್ನೂ ಕೇಳಿಸಿಕೊಂಡಳು. “ನೀವು ಹೇಳಿದ್ದೆಲ್ಲಾ ಖರೇನ ಇರಬೇಕ್ರಿ. ಆದ್ರ ನನ್ನ ಸಲೋಮಿ ಹೆಸರು ಒಮ್ಮೆರ ನಿಮ್ಮ ಬಾಯಾಗ ಬರಲಿಲ್ಲ” ಎಂದು ಎದ್ದು ಒಳಗೆ ಹೋದಳು. ಮುಂದಿನ ಭಾನುವಾರ ಆಕೆ ಸಭೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

“ಆಕಿಗೆ ನಂಬಿಕಿ ಸಾಲದು” ಎಂದರು ಮಾಸ್ತರರು.

ಒಂದು ಶನಿವಾರ ಮಾಸ್ತರರು ಮರುದಿನದ ಪಾಠ ಸಿದ್ಧಮಾಡುತ್ತಿದ್ದರು. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಅತ್ತ ಭಾಗ. ಎಷ್ಟೋ ಸಲ ಕಲಿಸಿದ್ದು. ಅಂದು ಮಾತ್ರ ಮುಂದೆ ಹೋಗಲಾಗಲಿಲ್ಲ. ಸತ್ತವನನ್ನು ಇನ್ನೇನು ಎಬ್ಬಿಸುತ್ತೇನೆಂದು ಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಅತ್ತರು? ತಾವೇ ಕಲಿಸುತ್ತಿದ್ದ ಉತ್ತರ ತಮಗೇ ಸಪ್ಪೆ ಎನಿಸಿತು. ಮಾಸ್ತರರು ಮಂಡಿಯೂರಿದರು. “ಕರ್ತನೇ, ನನಗ ತಿಳೀವಲ್ದು. ನೀನ ತಿಳಸು.” ಇಷ್ಟು ವರ್ಷ ಕಲಿಸಿದವರು ಹೀಗೆ ಬೇಡಿಕೊಂಡದ್ದು ಅದೇ ಮೊದಲು.

ಸ್ವಾಮಿ ಏನು ತೋರಿಸಿದರು ಗೊತ್ತೇ? ಸುವಾರ್ತವ್ವನ ಅಂಗಳವನ್ನು ತೋರಿಸಿದರು. ಎಲ್ಲ ಬಲ್ಲ ಸ್ವಾಮಿ ಅಳುವವರ ಜೊತೆ ಅತ್ತರು. ಏನೂ ಅರಿಯದ ನಾನು ಒಣಗಣ್ಣಿನಲ್ಲಿ ಪಾಠ ಹೇಳಿ ಬಂದೆ ಎಂದು ಮಾಸ್ತರರ ಎದೆ ಒಡೆಯಿತು. ಆಗಲೇ ಎದ್ದು ಆಕೆಯ ಮನೆಗೆ ಹೋದರು.

“ಯವ್ವಾ, ನೀ ಕೇಳಿದ್ದಕ್ಕ ಉತ್ತರ ನನಗ ಗೊತ್ತಿಲ್ಲ. ಗೊತ್ತಿದ್ದವರಂಗ ಮಾತಾಡಿದೆ, ತಪ್ಪಾತು. ಸಲೋಮಿ ಬಗ್ಗೆ ಹೇಳು, ಕೇಳತೀನಿ.”

ಆಕೆ ಹೇಳಿದಳು. ಮಗಳ ಹಾಡು, ಹಟ, ಜ್ವರದಲ್ಲಿ ನೀರಿಗಾಗಿ ಚಾಚಿದ ಕೈ. ಮಾಸ್ತರರು ಅತ್ತರು. ಕೊನೆಗೆ ಆಕೆಯೇ, “ಪ್ರಾರ್ಥನಿ ಮಾಡ್ರಿ” ಎಂದಳು.

ಮರುದಿನ ಮಾಸ್ತರರು ಎಲ್ಲರೆದುರು, “ಈ ಪಾಠ ನಿನ್ನೆತನಕ ನನಗ ತಿಳಿದಿದ್ದಿಲ್ಲ. ಸ್ವಾಮಿ ತಿಳಿಸಿದ” ಎಂದರು. ಹಿಂದಿನ ಸಾಲಿನಲ್ಲಿ ಸುವಾರ್ತವ್ವ ಕುಳಿತಿದ್ದಳು. ಪ್ರಿಯರೇ, ಇಂಥ ಮಾಸ್ತರರನ್ನು ನೆನೆದರೆ ನನ್ನ ಎದೆ ಹೆಮ್ಮೆಯಿಂದ ಉಬ್ಬುತ್ತದೆ. ಕ್ರಿಸ್ತನ ಮುಂದೆ ಬಾಗಿದ ತಲೆಗಿಂತ ಹೆಮ್ಮೆಪಡುವಂಥದ್ದು ಸಭೆಗೆ ಬೇರೇನಿದೆ?

ಈಗ ನಿಮ್ಮನ್ನು ಕೇಳುತ್ತೇನೆ. ವಾಕ್ಯ ಓದಿದವರು ಇಲ್ಲಿ ಬಹಳ ಜನ. ‘ನೀನೇ ತಿಳಿಸು’ ಎಂದು ಬೇಡಿ ಓದಿದವರು ಎಷ್ಟು ಜನ? ನಾಳೆ ಬೆಳಿಗ್ಗೆ ಓದುವ ಮೊದಲು ಬೇಡಿಕೊಳ್ಳಿ. ಮಕ್ಕಳೆದುರೇ ಬೇಡಿಕೊಳ್ಳಿ, ಅಪ್ಪ ಅಮ್ಮನಿಗೂ ಕಲಿಸುವ ಗುರು ಒಬ್ಬನಿದ್ದಾನೆಂದು ಅವರು ನೋಡಲಿ. ದುಃಖದ ಮನೆಗೆ ಹೋದರೆ ಬುದ್ಧಿ ಹೇಳುವ ಅವಸರ ಬೇಡ, ಕುಳಿತುಕೊಳ್ಳಿ. ಈ ವಾರ ನೀವು ಮಾತಿನಲ್ಲಿ ಗೆದ್ದು ನೋಯಿಸಿದವರು ಯಾರಾದರೂ ಇದ್ದರೆ, ಇವತ್ತು ಊಟಕ್ಕೆ ಕೂರುವ ಮೊದಲು ಅವರ ಮನೆಗೆ ಹೋಗಿ ಬನ್ನಿ.